ಕುಮ್ಜಾರಿನ ಭರಣಿ

ಕುಮ್ಜಾರಿಗೆ ರಸ್ತೆಯಿಲ್ಲ, ದೋಣಿಯಿದೆ.
ಅದರಾಚೆ ಬಂಡೆ ಬಾಯ್ದೆರೆದಲ್ಲಿ ಮಾಯಗಾತಿ
ರಾಜಕುಮಾರಿ ಮೌಜಾಳನ್ನು
ಸಿಂಪಿಯೊಂದರೊಳಗೆ ಮಡಚಿಟ್ಟಿದ್ದಳು.

ಬಿಡಿಸಲು ಹೋದವರು ಹನ್ನೊಂದು ಜನ.
ಖಲ್ಫಾನ್ ನಾಖುದನ ಸೊಂಟದಲ್ಲಿ ಬಾಗಿದ ಖಂಜರ್,
ಮುತ್ತಿಗೆ ಮುಳುಗುವವರ ಮೂಗಿಗೆ ಕೊಂಬಿನ ಚಿಮಟ,
ನನ್ನ ಕೈಯಲ್ಲಿ ಸೌಟು.
ತದಡಿಯಿಂದ ಬಂದ ಅಡಿಗೆಯವನನ್ನು
ಯಾವ ಕಥೆ ಲೆಕ್ಕಕ್ಕಿಡುತ್ತದೆ?

ಮೊದಲ ದಿನ ಅವಳು ಸುಮ್ಮನೆ ಊದಿದಳು:
ಖಂಜರ್ ಬಂಗಡೆಯಾಗಿ ಕೈಯಿಂದ ಜಾರಿತು.
ಮಾರನೆಯ ದಿನ ಐವರು ಆಡುಗಳಾಗಿ
ಬಂಡೆ ಹತ್ತಿ, ನಮ್ಮನ್ನೇ ನೋಡುತ್ತ, ಮೆಲುಕು ಹಾಕಿದರು.
ಆಮೇಲೆ ಯಾರೂ ಏಳಲಿಲ್ಲ.
ನಾನು ಎದ್ದೆ, ಒಲೆ ಹಚ್ಚಬೇಕಿತ್ತಲ್ಲ.

ಕುಚ್ಚಲಕ್ಕಿ ಗಂಜಿ. ಮೇಲೊಂದು ಮಿಡಿ ಉಪ್ಪಿನಕಾಯಿ,
ಭರಣಿಯ ತಳದ ಕೊನೆಯದು.
ಹಬೆ ಗುಹೆಯೊಳಗೆ ಹೋಯಿತು,
ಅವಳು ಹೊರಗೆ ಬಂದಳು.
ಮುನ್ನೂರು ವರ್ಷದ ಮುದುಕಿ, ಬರಿಗಾಲು.
'ಊಟ ಆಯ್ತಾ?' ಎಂದೆ. ಬಾಯಿತಪ್ಪಿ ಬಂದದ್ದು;
ನಮ್ಮ ಕಡೆ ಯಾರನ್ನು ಕಂಡರೂ ಕೇಳುವುದೇ ಅದು.

ಅವಳನ್ನು ಯಾರೂ ಕೇಳಿರಲಿಲ್ಲವಂತೆ.

ಉಂಡಳು. ಬೆರಳು ನೆಕ್ಕಿದಳು. ಮಿಡಿಯ ತೊಟ್ಟನ್ನೂ ಬಿಡಲಿಲ್ಲ.
ಸಿಂಪಿ ತಾನಾಗಿ ಬಾಯಿಬಿಟ್ಟಿತು.
ಮೌಜಾ ಮೈಮುರಿದು ಮೊದಲು ಕೇಳಿದ್ದು:
'ನನಗೇನಾದರೂ ಉಳಿದಿದೆಯಾ?'

ಹಾಡುವವರು ಈಗ ಖಲ್ಫಾನನ ಖಂಜರ್ ಎನ್ನುತ್ತಾರೆ.
ಇರಲಿ. ಆಡುಗಳಲ್ಲಿ ನಾಲ್ಕು ಮನುಷ್ಯರಾದವು,
ಒಂದು ಒಪ್ಪಲಿಲ್ಲ.
ಪ್ರತಿ ಹಂಗಾಮಿಗೂ ಆ ಬಂಡೆಯ ಮೇಲೆ
ತುಂಬಿದ ಭರಣಿ ಇಟ್ಟು ಬರುತ್ತೇನೆ.
ಮರುವರ್ಷ ಹೋದರೆ ಅಲ್ಲೇ ಇರುತ್ತದೆ,
ತೊಳೆದು, ಬೋರಲು ಹಾಕಿ.