ಬಂದದ್ದು: ಸೊನ್ನೆ ಬೈಟ್

ಲಿಯೆಪಾಯಾದ ರೇವುಗೋಪುರದಲ್ಲಿ ಕೂತು
ರಾತ್ರಿಯಿಡೀ ಹಡಗುಗಳಿಗೆ ಹೇಳುವುದು ನನ್ನ ಕೆಲಸ:
ಬಾ. ನಿಲ್ಲು. ಇನ್ನರ್ಧ ಗಂಟೆ ತಡೆ.
ಯಾರು ಬಂದರು, ಬಂದರಿಗೆ ಯಾರು ಬರಲಿಲ್ಲ,
ಎಲ್ಲ ನನ್ನ ದಫ್ತರದಲ್ಲಿದೆ.
ನನ್ನದೇ ಅಡುಗೆಮನೆಗೆ ಇಲ್ಲಿಂದೊಂದು ದಾರಿ ತೆರೆಯಲಾಗದೆ
ಮೂರು ದಿನವಾಯಿತು.

ಪೋಗಾಳಿಗೆ ಹನ್ನೊಂದು ವರ್ಷ. ಫಿಟ್ಸ್ ಬರುತ್ತದೆ.
ಬಂದಾಗ ನಾಲ್ಕು ಕಾಲೂ ಗಾಳಿಯಲ್ಲಿ ಓಡುತ್ತವೆ,
ನಾಯಿ ಮಾತ್ರ ಅಲ್ಲೇ.
ಒಲೆಯ ಮೇಲಿನ ಗೂಡಿನಲ್ಲಿ ಕ್ಯಾಮೆರಾ ಇಟ್ಟೆ,
ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟೇ ಒಂದು ಕಂಪ್ಯೂಟರ್, ವಿಪಿಎನ್‌ಗೆಂದು.
ಲೋಕಕ್ಕೆಲ್ಲ ನನ್ನ ಎಂಜಲು ತಟ್ಟೆ ತೋರಿಸುವ ಆಸೆಯಿಲ್ಲ;
ಒಂದು ಸುರಂಗ ಸಾಕು,
ಒಬ್ಬಳು ತೆವಳುವಷ್ಟು.

ನಾನು ಮನೆಯಲ್ಲಿ. ಹಗಲು ಪಾಳಿಯ ವಿಸ್ವಾಲ್ದಿಸ್ ಗೋಪುರದಿಂದ ಫೋನಿನಲ್ಲಿ:
"ಕಳಿಸ್ತಾ ಇದೀನಿ. ಸಿಕ್ತಾ?"
ಇಲ್ಲ.
ರೌಟರಿನಲ್ಲಿ ಪೋರ್ಟ್ ತೆರೆದೆ: ಐದು ಒಂದು ಎಂಟು ಎರಡು ಸೊನ್ನೆ.
"ಯುಡಿಪಿ ತಾನೆ? ಟಿಸಿಪಿ ಅಲ್ವಲ್ಲ?"
ಟಿಸಿಪಿ ಹಾಕಿದ್ದೆ. ಹೇಳಲಿಲ್ಲ. ತಿದ್ದಿದೆ.
ಅವನ ಪರದೆ ಓದಿತು:
ಕಳಿಸಿದ್ದು ಸಾವಿರದ ನಾನೂರ ಎಂಬತ್ತು,
ಬಂದದ್ದು ಸೊನ್ನೆ.

ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ.
ಫೈರ್‌ವಾಲಿಗೆ ಒಂದು ನಿಯಮ ಬರೆದೆ, ಅಳಿಸಿದೆ, ಮತ್ತೆ ಬರೆದೆ.
ಕೊನೆಗೆ ಸಿಟ್ಟು ಬಂದು ಇಡೀ ಗೋಡೆಯನ್ನೇ ಕೆಡವಿದೆ.
ಹತ್ತು ನಿಮಿಷ ಮನೆ ಬರಿಮೈಯಲ್ಲಿ ನಿಂತಿತು.
ಆಗಲೂ ಯಾರೂ ಬರಲಿಲ್ಲ.
ಕಳ್ಳನೂ.

"ರೌಟರಿನ ಹೊರಗಿನ ವಿಳಾಸ ಓದು," ಅಂದ.
ನೂರ ತೊಂಬತ್ತೆರಡು, ಚುಕ್ಕಿ, ನೂರ ಅರವತ್ತೆಂಟು...
ಅಷ್ಟಕ್ಕೇ ತಡೆದ.
"ಅದು ಬೀದಿ ಅಲ್ಲ, ಸ್ಕೈದ್ರೀತೆ.
ನೀನು ಹೊರಬಾಗಿಲು ಅಂದುಕೊಂಡಿದ್ದು
ಯಾರದೋ ನಡುಮನೆಗೆ ತೆರೆಯುತ್ತೆ."

ಯಾರದೋ ಅಂದರೆ ಮಹಡಿಯ ಯೆವ್ಗೇನಿಯಾಳದು.
ಇಂಟರ್ನೆಟ್ಟಿನ ತಂತಿ ಅವಳಲ್ಲಿಗೆ ಬಂದು
ಹಲಗೆಯ ತೂತಿನಿಂದ ನನಗೆ ಇಳಿಯುತ್ತದೆ.
ಎರಡು ಚಳಿಗಾಲದಿಂದ ಮಾತಿಲ್ಲ.
ಸೌದೆಮನೆಯಲ್ಲಿ ಒಂದು ಗೇಣು ಜಾಗದ ತಕರಾರು:
ಅವಳು ರಷ್ಯನ್ನಿನಲ್ಲಿ ಬೈದಳು, ನಾನು ಲಾಟ್ವಿಯನ್ನಿನಲ್ಲಿ,
ಇಬ್ಬರಿಗೂ ಒಂದಕ್ಷರ ಬಿಡದೆ ತಿಳಿಯಿತು.

ಹದಿನಾಲ್ಕು ಮೆಟ್ಟಿಲು.
ತಟ್ಟಿದೆ. ಉತ್ತರವಿಲ್ಲ.
ಟೈಮ್‌ಔಟ್ ಎಷ್ಟು ಹೊತ್ತಿಗೋ ತಿಳಿಯದೆ
ಮತ್ತೆ ತಟ್ಟಿದೆ.
ಸರಪಳಿ ತೆಗೆಯದೆ ಅರ್ಧ ಮುಖ ತೋರಿಸಿದಳು.
ಪೋರ್ಟು, ರೌಟರು, ನಾಯಿ ಅಂತ ಏನೇನೋ ತೊದಲಿದೆ.

"ಅದು ಒದ್ದಾಡೋದು ನನಗೆ ಕೇಳುತ್ತೆ," ಅಂದಳು.
"ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ. ಇಳಿದು ಬಂದೆ.
ನಿನ್ನ ಬಾಗಿಲಿಗೆ ಬೀಗ."

ಅವಳ ರೌಟರು ಉಪ್ಪಿನ ಸೌತೆಕಾಯಿಯ ಜಾಡಿಗಳ ಹಿಂದೆ ಇತ್ತು.
ಬೆನ್ನಿನ ಚೀಟಿಯಲ್ಲಿ ಪಾಸ್‌ವರ್ಡು; ಕೊನೆಯ ಅಂಕಿಯನ್ನು ವಿನೆಗರ್ ತಿಂದಿತ್ತು.
ಮೂರು ಅಂದೆ ನಾನು. ಕನ್ನಡಕ ಹಾಕಿ, ಎಂಟು ಅಂದಳು.
ಎಂಟೇ.
"ಇದರಿಂದ ಏನೇನು ಒಳಗೆ ಬರುತ್ತೆ?"
ನಾನೊಬ್ಬಳೇ, ಅಂದೆ.
"ಮನೆ ಕೆಡದಿದ್ದರೆ ಸರಿ," ಅಂದು ನನಗೊಂದು ಸೌತೆಕಾಯಿ ಕೊಟ್ಟಳು,
ಫೋರ್ಕಿನ ತುದಿಯಲ್ಲೇ.
ಇಳಿಯುವಾಗ ನೆನಪಾಗಿ ಮತ್ತೆ ಹತ್ತಿದೆ,
ಜೇಬಿನಲ್ಲಿದ್ದದ್ದನ್ನು ಅವಳ ಕೈಗಿಟ್ಟೆ.

ರಾತ್ರಿ ಎರಡು ನಲವತ್ತು. ಗೋಪುರ. ಗಾಜಿಗೆ ಮಂಜು.
ಹ್ಯಾಂಡ್‌ಶೇಕ್: ಏಳು ಸೆಕೆಂಡ್ ಹಿಂದೆ.
ಬಂದದ್ದು: ತೊಂಬತ್ತೆರಡು ಬೈಟ್.
ಆಮೇಲೆ ಬೂದಿ ಬಣ್ಣದಲ್ಲಿ ಅಡುಗೆಮನೆ,
ಚಾಪೆಯ ಮೇಲೆ ಪೋಗಾ, ಹೊಟ್ಟೆ ಏಳುತ್ತ, ಇಳಿಯುತ್ತ.
ಅವಳ ಮೂತಿಯ ಬಳಿ
ಉಣ್ಣೆಯ ಚಪ್ಪಲಿ ತೊಟ್ಟ ಎರಡು ಕಾಲು, ಅಲುಗದೆ.

ರೇಡಿಯೊ ಗೊರಗೊರ ಅಂದಿತು.
ಮರದ ದಿಮ್ಮಿ ಹೊತ್ತ ಹಡಗೊಂದು ರೇವಿನ ಬಾಯಲ್ಲಿ
ಹೆಸರು ಹೇಳಿ ಕಾಯುತ್ತಿತ್ತು.
ಬಾ, ಅಂದೆ.