ನಾನೂರ ಹದಿನೇಳು

ಕೋಟು ನನ್ನದಲ್ಲ.
ಅಪ್ಪನ ಲಾಂಡ್ರಿಯ ಹಿಂಗೋಡೆಯಲ್ಲಿ
ಯಾರೂ ಒಯ್ಯದೆ ಉಳಿದ ಬಟ್ಟೆಗಳಿಗೆಂದೇ ಒಂದು ಸರಳಿದೆ.
ಅಲ್ಲಿಯದು ಇದು. ಬೂದು ಬಣ್ಣ, ಎರಡು ಗುಂಡಿ,
ಕಾಲರಿನೊಳಗೆ ಪಿನ್ನು ಚುಚ್ಚಿದ ಹಳದಿ ಚೀಟಿ: ೪೧೭.
ಕೊಟ್ಟವಳು ಫಿಲಿಪೀನಿ ನರ್ಸು ಇರಬೇಕು, ಅಥವಾ ಟೀಚರು;
ರಸೀದಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ನೀರು ಬಿದ್ದಿದೆ.
ವರ್ಷ ತುಂಬುವವರೆಗೂ ಅದು ಅವರದೇ ಸೊತ್ತು,
ಮುಟ್ಟಕೂಡದು: ಅಪ್ಪನ ಕಾನೂನು.
ನನ್ನ ಸಂದರ್ಶನಕ್ಕೆಂದು ಆ ಕಾನೂನು
ಹನ್ನೊಂದು ಸಲ ಮುರಿದಿದೆ.

ಹನ್ನೊಂದನೆಯದು ಮಸ್ಕತ್ತಿನಲ್ಲಿ, ರೂವಿಯ ಏಳನೇ ಮಾಳಿಗೆ.
ಕಡತದೊಳಗೆ ಕುಂದಾಪುರದ ಬಿ.ಕಾಂ., ಶೇಕಡಾ ಎಂಬತ್ತಾರು.
ಆತ ಕೇಳಿದ್ದು ಎರಡೇ:
ಇಲ್ಲಿಯ ಅನುಭವ ಎಷ್ಟು? ಊರು ಯಾವುದು?
ಎರಡಕ್ಕೂ ನನ್ನಲ್ಲಿದ್ದದ್ದು ಒಂದೇ ಉತ್ತರ:
ಹುಟ್ಟಿದಾಗಿನಿಂದ ಹದಿನೆಂಟು ವರ್ಷ, ಸಾರ್, ಸೂರು.
ಆತ ನಕ್ಕು, ಪಾಸ್‌ಪೋರ್ಟಿನ ಬಣ್ಣ ನೋಡಿದ.
ಪಿನ್ನು ಕತ್ತಿಗೆ ಚುಚ್ಚಿತು. ನೆಟ್ಟಗೆ ಕುಳಿತೆ.

ಸೂರು ಅಂದರೆ ಮನೆಯ ಮಾಡಲ್ವ ಮಾರಾಯ್ತಿ,
ಅದು ಊರು ಹೇಗಾಗುತ್ತದೆ, ಎಂದು
ಹಾಸ್ಟೆಲಿನಲ್ಲಿ ಮೂರು ವರ್ಷ ಕಾಡಿದರು ಗೆಳತಿಯರು.
ಮಳೆಗಾಲದಲ್ಲಿ ಹಂಚಿನಿಂದ ನೀರು ಸುರಿದರೆ
ನೋಡು, ನಿನ್ನೂರು ಸೋರುತ್ತಿದೆ ಅನ್ನುತ್ತಿದ್ದರು.
ನಿಜವಾದ ಸೂರಿನಲ್ಲಿ ಮಳೆಯೇ ಇಲ್ಲ.
ಸೋರುವುದು ಏಸಿ ಮಾತ್ರ.

ಗುರುವಾರ ಸಂಜೆ ಸಂದೇಶ ಬಂತು:
ನಿಮ್ಮ ವಿವರಗಳನ್ನು ಮುಂದಕ್ಕೆಂದು ಕಾದಿರಿಸಿದ್ದೇವೆ.
ಅಲ್ಲೂ ಒಂದು ಹಿಂಗೋಡೆ ಇರಬೇಕು, ಒಂದು ಸರಳು.

ಶುಕ್ರವಾರ ಜುಮ್ಮಾ ಮುಗಿದ ಮೇಲೂ
ಅಪ್ಪ ಅಂಗಡಿ ತೆರೆಯಲಿಲ್ಲ.
ಸಮಾಧಾನ ಹೇಳುವ ಜಾತಿಯಲ್ಲ ಆತ.
ವ್ಯಾನಿನ ಕೀಲಿ ಕುಣಿಸುತ್ತ, "ಏಳ್, ಹೋಯಿ ಬಪ್ಪ" ಅಂದ.
"ಎಲ್ಲಿಗೆ?"
"ನೀರ್ ಇಳ್ದಿತ್. ಕಾಂಬ, ಬಾ."

ವ್ಯಾನಿನ ಹಿಂದೆ ಇನ್ನೂ ತಲುಪಿಸದ ದಿಶ್‌ದಾಶಾಗಳು,
ಗಂಜಿಯ ಬಿಸಿ ವಾಸನೆ.
ತಿರುವು ಬಂದಾಗೆಲ್ಲ ತಲೆಯಿಲ್ಲದ ಇಪ್ಪತ್ತು ಬಿಳಿ ಗಂಡಸರು
ನಮ್ಮ ಮಾತು ಕೇಳಲೆಂಬಂತೆ ಒಟ್ಟಿಗೆ ಬಾಗುತ್ತಾರೆ.
ನಾವು ಮಾತಾಡುತ್ತಿರಲಿಲ್ಲ.

ತೂಗುಸೇತುವೆ ದಾಟಿದರೆ ಐಜಾ. ದೀಪಸ್ತಂಭ.
ಅಳಿವೆಯ ನೀರು ಪೂರ್ತಿ ಹೋಗಿಬಿಟ್ಟಿತ್ತು;
ದೋಣಿಗಳು ಕೆಸರಿಗೆ ಪಕ್ಕೆ ಕೊಟ್ಟು ಮಲಗಿದ್ದವು.
ಅವನ್ನು ನನಗೆ ಹೋಲಿಸಿಕೊಳ್ಳುವುದಿಲ್ಲವೆಂದು
ವ್ಯಾನಿನಿಂದ ಇಳಿಯುವಾಗಲೇ ಆಣೆ ಹಾಕಿಕೊಂಡೆ.
ಎರಡು ದೋಣಿಗಳ ನಡುವೆ ಹುಡುಗರ ಗೋಲು;
ಚೆಂಡು ಹಲಗೆಗೆ ಬಡಿದಾಗ ಡೋಲಿನ ಸದ್ದು.
ಆರನೇ ತರಗತಿಯಲ್ಲಿ ಇದೇ ಕೆಸರು
ನನ್ನ ಚಪ್ಪಲಿ ನುಂಗಿತ್ತು, ಎಡಗಾಲಿನದು.
ಇನ್ನೂ ಒಳಗೆಲ್ಲೋ ಇದೆ.
ಇಲ್ಲಿಯ ಅನುಭವ ಎಂದರೆ ಅದನ್ನೂ ಬರೆಯಬಹುದಿತ್ತು.

ಜನವರಿಯ ಗಾಳಿ. ಸೀಟಿನ ಮೇಲೇ ಉಳಿದಿದ್ದ ಕೋಟು ತೊಟ್ಟೆ.
ದಂಡೆಯಲ್ಲಿ ಖಮೀಸ್ ಕಾಕನ ಮಿಶ್ಕಾಕ್ ಒಲೆ, ಹೊಗೆ,
ದೊಡ್ಡದೊಂದು ಸಂಸಾರದ ಆರ್ಡರು,
ರಟ್ಟಿನ ಮೇಲೆ ಇದ್ದಿಲಿನಲ್ಲಿ ಕಾಕನ ಲೆಕ್ಕ, ತಪ್ಪಿ ಮತ್ತೆ ಮೊದಲಿಂದ:
ಇನ್ನೂರರಂತೆ ಹದಿನೇಳು ಕಡ್ಡಿ ಕುರಿ,
ಮುನ್ನೂರರಂತೆ ಒಂಬತ್ತು ಬೊಂಡಾಸ್,
ಐವತ್ತರಂತೆ ಆರು ರೊಟ್ಟಿ.
"ಆರು ರಿಯಾಲು ನಾನೂರು ಬೈಸಾ" ಅಂದೆ,
ಕೇಳದೆಯೇ, ಬಾಯಿಂದ ಬಿದ್ದುಹೋಯಿತು.
ಆತ ರಟ್ಟು ನೋಡಿದ, ನನ್ನ ನೋಡಿದ, ಮತ್ತೆ ರಟ್ಟು.
"ಮುಹಾಸಿಬಾ!" ಎಂದು ಕೂಗಿದ, ಲೆಕ್ಕಿಗಳು!
"ಅಯ್ವಾ, ಮುಹಾಸಿಬಾ" ಎಂದ ಅಪ್ಪ
ಕೂಡಲೇ ಕಡಲಿನತ್ತ ತಿರುಗಿ
ಏನೋ ಹಡಗು ಹುಡುಕತೊಡಗಿದ. ಹಡಗು ಇರಲಿಲ್ಲ.

ಕಾಕ ಒಂದು ಕಡ್ಡಿ ಬಿಟ್ಟಿಯಾಗಿ ಕೊಟ್ಟ.
ಪದವಿ ಮುಗಿದ ಮೇಲೆ ನನ್ನ ಮೊದಲ ಸಂಬಳ:
ಬಿಸಿ, ಅಂಚು ಕರಕಲು, ಹುಣಸೆಯ ರಸ
ಮುಂಗೈ ತನಕ ಇಳಿಯಿತು.
ಎಷ್ಟೋ ದಿನದ ಮೇಲೆ ಹಸಿವಾಗಿತ್ತು. ಇನ್ನೂ ಐದು ತಿಂದೆ.

ಕತ್ತಲಾಗುವಾಗ ನೀರು ಮರಳತೊಡಗಿತು, ತೀರಾ ನಿಧಾನ;
ನೋಡುತ್ತ ಕೂತರೆ ಕಾಣದು,
ಕಣ್ಣು ತೆಗೆದರೆ ಒಂದು ಗೋಲು ಮುಳುಗಿರುತ್ತದೆ.

ಸೇತುವೆಯ ಮೇಲೆ ಅಪ್ಪ ಮೂಗು ಅರಳಿಸಿದ.
"ಕೋಟ್ ಹೊಗೆ ವಾಸ್ನಿ. ನಾಳೆ ಒಗೀಕ್.
ನಾನೂರ ಹದ್ನೇಳ್ ಬಂದ್ರೆ ಎಂತ ಹೇಳುದ್?"
ಹಿಂದಿನ ಇಪ್ಪತ್ತು ಮಂದಿ ಬಾಗಿ ಕೇಳಿಸಿಕೊಂಡರು.
ತೋಳಿನ ಮೇಲಿನ ಹುಣಸೆ ಕಲೆಯನ್ನು
ನಾನು ಇನ್ನೊಂದು ಕೈಯಿಂದ ಮುಚ್ಚಿಕೊಂಡೆ.