ಮೀನಂಗಡಿಯ ಐಸು

ಪ್ರಾಕ್ಟಿಕಲ್ ದಿನ ಬೆಳಗ್ಗೆ ಐಸು ತರುವುದು ನನ್ನ ಕೆಲಸ.
ಹಾಸನದಲ್ಲಿ ಆ ಹೊತ್ತಿಗೆ ಅದು ಸಿಗುವುದು ಒಂದೇ ಕಡೆ,
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಮೊಯ್ದಿನಬ್ಬನ ಹತ್ತಿರ.
ರಾತ್ರಿಯೆಲ್ಲ ಶಿರಾಡಿ ಘಾಟಿ ಹತ್ತಿ ಬಂದ ಬಂಗುಡೆಗಳ
ಮೈಮೇಲಿಂದ ಬಾಚಿ ಕವರಿಗೆ ತುಂಬಿ ಕೊಡುತ್ತಾನೆ.
"ಕಾಲೇಜಿಗೆ ತಾನೆ? ದುಡ್ಡು ಬೇಡ. ಒಂದು ದಿನ ಮೀನೂ ತಗೊಂಡೋಗಿ."
ಆಚಾರರ ಮನೆಯವಳು ನಾನು. ನಗುತ್ತೇನೆ.

ಕಪಾಟಿನ ಮೇಲಿನ ಅರೆಯಲ್ಲಿ, ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ
ಎರಡು ಗಾಜಿನ ನಳಿಕೆ, ಬಾಯಿ ಕರಗಿಸಿ ಮುಚ್ಚಿದವು.
ಮುಚ್ಚಿದವರು ತೋಂಟದಾರ್ಯ ಮೇಷ್ಟ್ರು, ನಾನು ಸೇರುವ ಮೊದಲೇ.
ಅವರ ಚೀಟಿಯಲ್ಲಿ "ನೈಟ್ರೋಜನ್" ಅನ್ನುವಷ್ಟು ಉಳಿದಿದೆ,
ಮುಂದಿನದನ್ನು ಜಿರಳೆ ತಿಂದಿದೆ.
ಒಳಗಿನದು ಮಾತ್ರ ಇಂದಿಗೂ ಪಾಕಕ್ಕೆ ಬಂದ ಬೆಲ್ಲದ ಕಂದು.

ಇಷ್ಟು ವರ್ಷ ಒರೆಸಿ ಇಟ್ಟವಳಿಗೆ ಕ್ಯಾಲೆಂಡರ್ ಬೇಡ.
ಯುಗಾದಿಯ ಹೊತ್ತಿಗೆ ನಳಿಕೆ ಹೊತ್ತಿಕೊಂಡಂತೆ ಕೆಂಪುಗಂದು.
ಆಷಾಢದ ಗಾಳಿ ಬಿಟ್ಟರೆ, ಯಾರೋ ನೀರು ಬೆರೆಸಿದ ಹಾಗೆ ತೆಳು.
ಧನುರ್ಮಾಸದ ಬೆಳಗ್ಗೆ, ಕಿಟಕಿ ಗಾಜಿಗೆ ಇಬ್ಬನಿ ಹಿಡಿದ ದಿನ,
ತಳದಲ್ಲಿ ಒಂದು ಹಳದಿ ತೊಟ್ಟು ಕೂತಿರುತ್ತದೆ.
ಹತ್ತು ಗಂಟೆಯ ಬಿಸಿಲಿಗೆ ಹೇಳದೆ ಕೇಳದೆ ಎದ್ದು ಹೋಗುತ್ತದೆ.

ಈಗಿನ ಲೆಕ್ಚರರು ಒಂದನ್ನು ಬಿಸಿನೀರಿಗೆ, ಒಂದನ್ನು ಐಸಿಗೆ ಇಳಿಸುತ್ತಾರೆ.
ಅಲ್ಲಿ ಗಾಢ. ಇಲ್ಲಿ ತಿಳಿ.
ಪ್ರತಿ ವರ್ಷ ಅದೇ ಜೋಕು: "ಒಂಟಿ ಎಲೆಕ್ಟ್ರಾನು, ಚಳಿಗೆ ಜೋಡಿ ಹುಡುಕುತ್ತೆ.
ಎರಡು ಸೇರಿದವೋ, ಬಣ್ಣ ಹೋಯ್ತು. ಮದುವೆಯಾದವರನ್ನು ಕೇಳಿ."
ಹಿಂದಿನ ಬೆಂಚು ನಗುತ್ತದೆ. ನಾನು ಸಿಂಕು ತೊಳೆಯುತ್ತೇನೆ.
ಬಣ್ಣ ಹೋದ ನಳಿಕೆಯನ್ನು ಒಮ್ಮೆ ಒರೆಸಿ ತಕ್ಕಡಿಗಿಟ್ಟು ನೋಡಿದ್ದೇನೆ,
ಯಾರೂ ಇಲ್ಲದಾಗ. ಬಣ್ಣ ಬಂದ ಮೇಲೂ ಇಟ್ಟಿದ್ದೇನೆ.
ಗುಲಗಂಜಿಯ ಸಿಪ್ಪೆಯಷ್ಟೂ ವ್ಯತ್ಯಾಸವಿಲ್ಲ.

ಈ ಹೊಗೆಯನ್ನು ನಾನು ಮೊದಲು ನೋಡಿದ್ದು ಲ್ಯಾಬಿನಲ್ಲಲ್ಲ.
ಅಪ್ಪನ ಅಂಗಡಿಯ ಹಿಂದಿನ ಕೋಣೆ, ಒಂದೇ ಕಿಟಕಿ,
ಅರದ ಪುಡಿ ಹಾರದಿರಲಿ ಎಂದು ಅದಕ್ಕೂ ಗೋಣಿಚೀಲ.
ಬೋಗುಣಿಯಲ್ಲಿ ಆಸಿಡ್ಡು, ಅದರಲ್ಲಿ ಹಳೇ ಓಲೆಯ ತುಂಡು.
ತಾಮ್ರ ಬಿಟ್ಟು ನೀರು ನೀಲಿ. ಏಳುವ ಗುಳ್ಳೆಗೆ ಬಣ್ಣವೇ ಇಲ್ಲ.
ಕಂಠ ದಾಟಿ ಗಾಳಿ ತಾಕಿತೋ,
ಅಲ್ಲೇ, ಬಾಯಂಚಿನಲ್ಲೇ, ಕಂದು.
"ನೋಡವ್ವ, ಒಳಗಿರೋವರೆಗೂ ಸಾಧು" ಅನ್ನುತ್ತಿದ್ದ ಅಪ್ಪ,
ಪಂಚೆಯ ತುದಿಯಿಂದ ಮೂಗು ಮುಚ್ಚಿ.

ಆ ಬುಧವಾರ ಮದುವೆ ಮನೆಯ ಅರ್ಜೆಂಟು ಕೆಲಸ.
ಸಂಜೆ ಚೆನ್ನಾಗಿಯೇ ಇದ್ದ. ಮುದ್ದೆ ಉಂಡ,
ಹುರುಳಿ ಸಾರು ಎರಡು ಸಲ ಹಾಕಿಸಿಕೊಂಡ,
ತಮ್ಮನಿಂದ ಹದಿನಾರರ ಮಗ್ಗಿ ಹೇಳಿಸಿದ.
ನಡುರಾತ್ರಿ ಎದ್ದು ಕೂತು, ಗಾಳಿ ಸಾಲದು, ಬಾಗಿಲು ತೆಗಿ ಅಂದ.
ತೆಗೆದೆವು. ಬೀದಿಯ ಗಾಳಿಯೆಲ್ಲ ಮನೆಯೊಳಗೆ ಬಂತು.
ಅವನೊಳಗೆ ಹೋಗಲಿಲ್ಲ.
ಡಾಕ್ಟರು ಗ್ಯಾಸು ಅಂದರು.
ಹೊಟ್ಟೆಯ ಗ್ಯಾಸು ಅಂದುಕೊಂಡಿದ್ದೆವು, ಬಹಳ ವರ್ಷ.

ಇವತ್ತು ಒತ್ತಡದ ಪಾಠ. ಸಿರಿಂಜಿನಲ್ಲಿ ಹಿಡಿದು ಒತ್ತಿದರು.
ಒತ್ತಿದ ಕೂಡಲೇ ಇನ್ನಷ್ಟು ಗಾಢ,
ಆಮೇಲೆ, ಹಟ ಬಿಟ್ಟವರ ಮುಖದಂತೆ, ತುಸು ತಿಳಿ.
ಬೇಲೂರು ಬಸ್ಸಿನ ಹುಡುಗಿ ಎದ್ದು ನಿಂತಳು:
"ಸರ್, ಹಾಗಾದ್ರೆ ಇದರದ್ದು ನಿಜವಾದ ರೂಪ ಯಾವುದು?"
ಅವರು ಬೋರ್ಡಿನ ಕಡೆ ತಿರುಗಿ ಎರಡು ಬಾಣ ಎಳೆದರು,
ಅತ್ತ ಒಂದು, ಇತ್ತ ಒಂದು.
ಪರೀಕ್ಷೆಗೆ ಇಷ್ಟು ಸಾಕು ಅಂದರು.

ಎಲ್ಲ ಹೋದ ಮೇಲೂ ಅವಳು ಉಳಿದಳು, ರೆಕಾರ್ಡ್ ಬುಕ್ಕಿನ ನೆಪ.
ಐಸಿನಿಂದ ಎತ್ತಿದ ನಳಿಕೆ ನನ್ನ ಅಂಗೈಯಲ್ಲಿತ್ತು.
ಏನೂ ಹೇಳಲಿಲ್ಲ ನಾನು. ಮುಷ್ಟಿ ಕಟ್ಟಿ ಹಿಡಿದುಕೊಂಡೆ, ಅಷ್ಟೆ.
ಬೆರಳು ಬಿಡಿಸಿದಾಗ ಕಂದು ಬಂದು ಕೂತಿತ್ತು,
ಹೊರಗಿಂದ ಯಾರೂ ತಂದುಹಾಕದೆ.

ಬಗ್ಗಿ ನೋಡಿದವಳು ಮುಖ ಹಿಂದಕ್ಕೆ ತೆಗೆದಳು.
"ಮೀನಿನ ವಾಸನೆ, ಆಂಟಿ."
ಹೌದು ಅಂದೆ.
ಹೋಗಿ ಆ ಕಿಟಕಿ ತೆಗಿ.